ಸ್ಪಷ್ಟನೆ: ಸೂಕ್ಷ್ಮಜೀವಿ ಪುಡಿ ಹಾಕಿದರೆ ಗೊಬ್ಬರವೇ ಬೇಡ ಅನ್ನೋದು ಸರಿಯಲ್ಲ

ಬೆಂಗಳೂರಿನ ತಾರಸಿ ತೋಟದ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ' ಅನ್ನೋ ಸೂಕ್ಷ್ಮಜೀವಿ ಪುಡಿ ಒಂದು ಸಲ ಹಾಕಿದರೆ ಸಾಕು, ಗೊಬ್ಬರವೇ ಬೇಡವಂತೆ. ಕೊಳೆ ರೋಗಕ್ಕೂ ಆಗಲಿ ಅಂತ ಅದೇ ಬಕೆಟ್‌ಗೆ ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ತಾಮ್ರದ ಔಷಧಿ ಬೆರೆಸಬೇಕಂತೆ.

ಪುಡಿ ನಿಜ, ಸಂಸ್ಥೆಯೂ ನಿಜ. ಉಳಿದದ್ದು ತಪ್ಪು.

ಈ ಪುಡಿಯಲ್ಲಿರೋದು ಜೀವಂತ ಸೂಕ್ಷ್ಮಜೀವಿಗಳು. ಕೆಲವು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಕೆಲವು ಮಣ್ಣಲ್ಲಿ ಸಿಕ್ಕಿಕೊಂಡ ರಂಜಕ, ಸತುವನ್ನು ಕರಗಿಸಿ ಬೇರಿಗೆ ಸಿಗುವಂತೆ ಮಾಡುತ್ತವೆ. ಮಣ್ಣಲ್ಲಿ ರಂಜಕವೇ ಇಲ್ಲದಿದ್ದರೆ ಕರಗಿಸೋದು ಏನನ್ನ? ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಗ್ರೋ ಬ್ಯಾಗಿನಲ್ಲಂತೂ ಅವುಗಳಿಗೆ ಕೆಲಸವೇ ಕಮ್ಮಿ. ಸಂಸ್ಥೆ ಹೇಳೋದು ಸಾರಜನಕ, ರಂಜಕದ ಗೊಬ್ಬರದಲ್ಲಿ ಸುಮಾರು ಕಾಲು ಭಾಗ ಉಳಿಸಬಹುದು ಅಂತ, ಪೂರ್ತಿ ಬಿಡಿ ಅಂತಲ್ಲ. ಕಾಂಪೋಸ್ಟ್ ಹಾಕ್ತಾನೇ ಇರಬೇಕು.

ಇನ್ನು ತಾಮ್ರದ ಔಷಧಿ. ಅದು ಶಿಲೀಂಧ್ರದ ಜೊತೆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಒಂದೇ ಬಕೆಟ್‌ಗೆ ಹಾಕಿದರೆ ದುಡ್ಡು ಕೊಟ್ಟು ತಂದದ್ದನ್ನು ನಾವೇ ಸಾಯಿಸಿದಂತೆ, ಅಲ್ವಾ? ಔಷಧಿ ಬೇಕೇ ಬೇಕಾದರೆ ಬೇರೆ ದಿನ, ಸಾಕಷ್ಟು ಅಂತರ ಬಿಟ್ಟು ಹಾಕಿ.

ಮೆಸೇಜಿನ ಕೊನೆಯಲ್ಲಿ 'ಟೊಮೇಟೊಗೆ ರೈಜೋಬಿಯಂ ಹಾಕಿ' ಅಂತಲೂ ಇದೆ. ಸುಮ್ನೆ ಖರ್ಚು. ರೈಜೋಬಿಯಂ ಅಂದರೆ ಬೇರಲ್ಲಿ ಗಂಟು ಕಟ್ಟಿ ಸಾರಜನಕ ಹಿಡಿದು ಕೊಡೋ ಬ್ಯಾಕ್ಟೀರಿಯಾ. ಅದು ಗಂಟು ಕಟ್ಟೋದು ಹುರುಳಿಕಾಯಿ, ಅವರೆ, ಅಲಸಂದೆಯಂಥ ಗಿಡಗಳಲ್ಲಿ ಮಾತ್ರ.

ದಯವಿಟ್ಟು ಆ ಮೆಸೇಜನ್ನು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ. ಪುಡಿ ಮನೆಯಲ್ಲಿದ್ದರೆ ನೆರಳಲ್ಲಿಡಿ, ಪ್ಯಾಕೆಟ್ ಮೇಲಿನ ಅವಧಿ ನೋಡಿ, ಸಂಜೆ ಹೊತ್ತು ಒದ್ದೆ ಮಣ್ಣಿಗೆ ಹಾಕಿ.