ಮುದ್ರೆ ಬಿದ್ದಿದೆ, ಇನ್ನೇನು ಭಯ?

ತಿಂಗಳ ಪಟ್ಟಿ ಮತ್ತೆ ಬಂದಿದೆ. ರೇಷನ್ ಅಕ್ಕಿ ಬರುವುದು ತಪ್ಪಬಹುದು, ಇದು ತಪ್ಪುವುದಿಲ್ಲ. ಗುಣಮಟ್ಟದ ಪರೀಕ್ಷೆಯಲ್ಲಿ ಫೇಲಾದ ಔಷಧಗಳ ಹೆಸರನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳೂ ಹೊರಡಿಸುತ್ತದೆ. 2024ರ ಆಗಸ್ಟ್ ಪಟ್ಟಿ ನೆನಪಿದೆಯಲ್ಲ? 50ಕ್ಕೂ ಹೆಚ್ಚು ಹೆಸರುಗಳಿದ್ದವು. ಜ್ವರದ ಪ್ಯಾರಾಸಿಟಮಾಲ್, ಬಿಪಿಯ ಟೆಲ್ಮಿಸಾರ್ಟನ್, ಶುಗರ್‌ನ ಗ್ಲಿಮೆಪಿರೈಡ್. ಅಂದರೆ ನಮ್ಮ ಓಣಿಯ ಹಿರಿಯರೆಲ್ಲ ಬೆಳಿಗ್ಗೆ ಎದ್ದು ನುಂಗುವ ಅಷ್ಟೂ ಸಾಮಾನು. ಕೆಲವು ಕಂಪನಿಗಳು ಕೂಡಲೇ ಎದ್ದು ನಿಂತು, ‘ಆ ಬ್ಯಾಚ್ ನಮ್ಮದಲ್ಲ, ಯಾರೋ ನಕಲಿ ಮಾಡಿದ್ದಾರೆ’ ಎಂದವು. ಕೇಳಿ ಎಷ್ಟು ನೆಮ್ಮದಿ ಆಯ್ತು ನೋಡಿ.

ಪಟ್ಟಿಯಲ್ಲಿ ಬ್ಯಾಚ್ ನಂಬರ್ ಕೊಟ್ಟಿರುತ್ತಾರೆ. ಹೋಲಿಸಿ ನೋಡೋಣ ಅಂತ ಮನೆಯ ಡಬ್ಬಿ ತೆಗೆದರೆ ಸಿಗುವುದು ನಾಲ್ಕು ಗುಳಿಗೆಯ ತುಂಡು ಶೀಟು. ಮೆಡಿಕಲ್ ಶಾಪಿನವನ ಕತ್ತರಿ ಬಲು ಜಾಣ. ಬ್ಯಾಚ್ ನಂಬರ್ ಮತ್ತು ಎಕ್ಸ್‌ಪೈರಿ ತಾರೀಕು ಇರುವ ತುದಿಯನ್ನು ಅದು ಸರಿಯಾಗಿ ಅಂಗಡಿಯಲ್ಲೇ ಉಳಿಸಿಕೊಳ್ಳುತ್ತದೆ. ನಮ್ಮ ಪಾಲಿಗೆ ಬರುವುದು ಕಂಪನಿಯ ಹೆಸರಿನ ಕೊನೆಯ ಎರಡಕ್ಷರ. ಕೇಳಿದರೆ, “ಹತ್ತು ರೂಪಾಯಿ ಗುಳಿಗಿಗೆ ನಂಬರ್ ಯಾಕ್ರೀ ಸರ್? ಸರ್ಕಾರ ಒಪ್ಪಿದ್ದೇ ಅಲ್ವಾ ಇದು?”

ಹೌದಲ್ಲ! ಸರ್ಕಾರ ಒಪ್ಪಿದ್ದು. ಇಷ್ಟು ಹೇಳಿಬಿಟ್ಟರೆ ನಮ್ಮಲ್ಲಿ ಎಲ್ಲ ಬಾಯಿಗೂ ಬೀಗ.

ಈ ಒಪ್ಪಿಗೆಯೊಳಗೆ ಏನಿದೆ ಅಂತ ಸ್ವಲ್ಪ ಇಣುಕಿ ನೋಡೋಣ. ಹೊಸ ಔಷಧ ಬಂದರೆ ಮೊದಲು ಒಂದಷ್ಟು ಜನರ ಮೇಲೆ, ಆಮೇಲೆ ನೂರಾರು, ಕೊನೆಗೆ ಸಾವಿರ ಅಥವಾ ಕೆಲವು ಸಾವಿರ ಜನರ ಮೇಲೆ ಪರೀಕ್ಷೆ ನಡೆಯುತ್ತದೆ. ಇಂಥ ಕಾಯಿಲೆಗೆ, ಇಷ್ಟು ಪ್ರಮಾಣದಲ್ಲಿ, ಕೆಡುಕಿಗಿಂತ ಒಳ್ಳೆಯದೇ ಜಾಸ್ತಿ ಅಂತ ಕಂಡರೆ ಮುದ್ರೆ ಬೀಳುತ್ತದೆ. ಕೆಡುಕೇ ಇಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಹತ್ತು ಸಾವಿರಕ್ಕೊಬ್ಬರಿಗೆ ಆಗುವ ತೊಂದರೆ ಮೂರು ಸಾವಿರ ಜನರಲ್ಲಿ ಕಾಣದೇ ಹೋಗಬಹುದು. ಅದು ಗೊತ್ತಾಗುವುದು ಔಷಧ ಅಂಗಡಿಗೆ ಬಂದು ಲಕ್ಷಾಂತರ ಜನ ನುಂಗಿದ ಮೇಲೆ. ಅಂದರೆ ಕೊನೆಯ ಪರೀಕ್ಷೆಗೆ ಕೂತವರು ನಾವೇ. ಹಾಲ್ ಟಿಕೆಟ್ ಮಾತ್ರ ಕೊಟ್ಟಿಲ್ಲ. 1999ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ವಯಾಕ್ಸ್ ಎಂಬ ನೋವಿನ ಗುಳಿಗೆಯನ್ನು 2004ರಲ್ಲಿ ಕಂಪನಿಯೇ ವಾಪಸ್ ತೆಗೆದುಕೊಂಡಿತು. ತಿಂದವರಲ್ಲಿ ಹೃದಯಾಘಾತ ಜಾಸ್ತಿಯಾಗುತ್ತಿತ್ತು. ನಮ್ಮಲ್ಲಿ ಮಕ್ಕಳ ಜ್ವರಕ್ಕೆ ಧಾರಾಳವಾಗಿ ಕುಡಿಸುತ್ತಿದ್ದ ನಿಮೆಸುಲೈಡ್ 12 ವರ್ಷದೊಳಗಿನವರಿಗೆ ಬೇಡ ಅಂತ ಆಜ್ಞೆಯಾಗಿದ್ದು 2011ರಲ್ಲಿ. 2024ರ ಆಗಸ್ಟ್‌ನಲ್ಲಿ ಒಂದೇ ಏಟಿಗೆ 156 ಮಿಶ್ರಣದ ಔಷಧಗಳನ್ನು ನಿಷೇಧಿಸಿದರು. ಹಿಂದಿನ ದಿನದವರೆಗೆ ಅವೂ ಅಂಗಡಿಯಲ್ಲಿ ರಾಜಾರೋಷವಾಗಿ ಕೂತಿದ್ದವೇ.

ಡ್ರೈವಿಂಗ್ ಲೈಸೆನ್ಸ್ ಇದ್ದವನೇ ಅಲ್ವಾ ಸಂಡೂರಿನಿಂದ ಅದಿರು ಲಾರಿ ಓಡಿಸುವುದು? ಲೈಸೆನ್ಸ್ ಇದೆ ಅಂತ ನಾವೇನು ಕಣ್ಣು ಮುಚ್ಚಿ ರಸ್ತೆ ದಾಟುತ್ತೇವಾ?

ಇನ್ನೊಂದು ಸಂಗತಿ. ಔಷಧ ಮೊದಲ ಸಲ ಒಪ್ಪಿಗೆ ಪಡೆದು ನಾಲ್ಕು ವರ್ಷ ದಾಟಿದರೆ ಕಾನೂನಿನ ಲೆಕ್ಕದಲ್ಲಿ ಅದು ‘ಹೊಸ ಔಷಧ’ ಅಲ್ಲ. ಆಮೇಲೆ ತಯಾರಿಸುವವರು ರಾಜ್ಯದ ಅಧಿಕಾರಿಗಳಿಂದಲೇ ಲೈಸೆನ್ಸ್ ಪಡೆಯಬಹುದು. ಔಷಧ ಒಳ್ಳೆಯದು ಅನ್ನುವುದು ಒಂದು ವಿಷಯ. ಫ್ಯಾಕ್ಟರಿ ಒಳ್ಳೆಯದು ಅನ್ನುವುದು ಇನ್ನೊಂದು. ನಿಮ್ಮ ಕೈಯಲ್ಲಿರುವ ಬಾಟಲಿ ಒಳ್ಳೆಯದು ಅನ್ನುವುದು ಮೂರನೆಯದು. ಮೂರಕ್ಕೂ ನಾವು ಒಂದೇ ಮುದ್ರೆ ತೋರಿಸಿ ಮನೆಗೆ ಹೋಗುತ್ತೇವೆ.

ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಷರತ್ತೂ ಇರುತ್ತದೆ. 30 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿಡಿ. ಕೆಲವದರ ಮೇಲೆ 25. ತಂಪಾದ, ಒಣಗಿದ, ಕತ್ತಲಿನ ಜಾಗದಲ್ಲಿಡಿ. ಬರೆದ ಪುಣ್ಯಾತ್ಮ ಬಳ್ಳಾರಿ ನೋಡಿಲ್ಲ. ಒಣಗಿದ ಜಾಗ ಬೇಕಾದಷ್ಟಿದೆ. ಕರೆಂಟ್ ಹೋದರೆ ಕತ್ತಲೂ ಸಿಗುತ್ತದೆ. ತಂಪನ್ನು ಎಲ್ಲಿಂದ ತರೋಣ? ಏಪ್ರಿಲ್ ಬಂತೆಂದರೆ ಇಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಊರ ನಡುವಿನ ಕಲ್ಲುಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಬಡ್ಡಿ ಸಮೇತ ವಾಪಸ್ ಕೊಡುತ್ತದೆ. ಅಂಥ ಬಿಸಿಲಲ್ಲಿ ಔಷಧದ ಪೆಟ್ಟಿಗೆಗಳು ತಗಡಿನ ಟೆಂಪೋದಲ್ಲಿ ಸಿರುಗುಪ್ಪ, ಕುರುಗೋಡು ಅಂತ ಪ್ರವಾಸ ಹೊರಡುತ್ತವೆ. ಡ್ರೈವರ್ ಊಟಕ್ಕೆ ಇಳಿದರೆ ಪೆಟ್ಟಿಗೆಗಳು ಒಳಗೇ ಬೇಯುತ್ತವೆ. ಅಂಗಡಿಯಲ್ಲಿ ಫ್ರಿಜ್ ಇದೆ, ಇಲ್ಲ ಅನ್ನಬಾರದು. ಇನ್ಸುಲಿನ್ ಪಕ್ಕದಲ್ಲೇ ಮಾಲೀಕರ ಮಜ್ಜಿಗೆ ಬಾಟಲಿಯೂ ಇದೆ. ಮುದ್ರೆ ಬಿದ್ದಿದ್ದು 30 ಡಿಗ್ರಿಯ ಔಷಧಕ್ಕೆ. ನಮಗೆ ಸಿಗುವುದು ರೊಟ್ಟಿ ಹಂಚಿನಿಂದ ಇಳಿದದ್ದು.

ಇದನ್ನೆಲ್ಲ ಹೇಳಿದರೆ ಇನ್ನೊಂದು ಪಂಗಡ ಖುಷಿಯಿಂದ ಎದ್ದು ಕೂರುತ್ತದೆ. ‘ಅದಕ್ಕೇ ನಾವು ಇಂಗ್ಲಿಷ್ ಔಷಧ ಮುಟ್ಟಲ್ಲ!’ ನನ್ನ ದೂರದ ಮಾವನವರೊಬ್ಬರು ಬಿಪಿ ಗುಳಿಗೆಯ ಜತೆ ಬಂದ ಚೀಟಿಯಲ್ಲಿ ಅಡ್ಡ ಪರಿಣಾಮಗಳ ಸಾಲು ಓದಿ ಬೆವತು, ಗುಳಿಗೆ ಬಿಟ್ಟರು. ಸಂತೆಯಲ್ಲಿ ಮಂಡಿನೋವಿನ ಪುಡಿ ತಂದರು. ಪುಡಿಗೆ ಚೀಟಿ ಇಲ್ಲ, ಹಾಗಾಗಿ ಅಡ್ಡ ಪರಿಣಾಮವೂ ಇಲ್ಲ! ಆ ಸಾಲು ಬರೆದಿದ್ದಾರೆ ಅಂದರೆ ಯಾರೋ ಕೂತು ಲೆಕ್ಕ ಹಾಕಿದ್ದಾರೆ ಅಂತ ಅರ್ಥ ಮಾವ. ಪುಡಿಯೊಳಗೆ ಸ್ಟೀರಾಯ್ಡ್ ಬೆರೆಸಿದ್ದರೆ ಯಾರು ಬರೆದುಕೊಡುತ್ತಾರೆ? ಇನ್ನು ಕೆಲವು ಡಬ್ಬಿಗಳ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ತೋರಿಸಿ ‘ಸರ್ಕಾರಿ ಮಾನ್ಯತೆ’ ಅನ್ನುತ್ತಾರೆ. ಅದು ತಿನ್ನುವ ಪದಾರ್ಥದ ಲೈಸೆನ್ಸ್. ಮಿರ್ಚಿ ಮಾಡುವ ಹೋಟೆಲಿನವರ ಹತ್ತಿರವೂ ಇರುತ್ತದೆ. ಅವರ್‍ಯಾರೂ ಮಿರ್ಚಿ ತಿಂದರೆ ಶುಗರ್ ಇಳಿಯುತ್ತದೆ ಅಂತ ಹೇಳಿದ್ದನ್ನು ನಾನು ಕೇಳಿಲ್ಲ.

ನಮ್ಮ ಕಡೆ ಡಾಕ್ಟರ ಹತ್ತಿರ ಹೋದರೆ, “ಒಂದು ಬಾಟ್ಲಿ ಹಚ್ರಿ ಸಾಹೇಬ್ರ” ಅನ್ನುವುದು ವಾಡಿಕೆ. ಸಲೈನ್ ಬಾಟಲಿ ಮೇಲೆ ಅಷ್ಟು ನಂಬಿಕೆ. ಸುಸ್ತು ಅಂದರೂ ಬಾಟಲಿ, ಮನಸ್ಸಿಗೆ ಬೇಜಾರು ಅಂದರೂ ಬಾಟಲಿ.

2024ರ ನವೆಂಬರ್‌ನಲ್ಲಿ ಇದೇ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಡಿಸೆಂಬರ್ ಮೊದಲ ವಾರದೊಳಗೆ ತೀರಿಕೊಂಡರು. ಅನುಮಾನ ಬಂದಿದ್ದು ರಿಂಗರ್ ಲ್ಯಾಕ್ಟೇಟ್ ಬಾಟಲಿಯ ಮೇಲೆ. ಅದೇನೂ ಹೊಸ ಔಷಧ ಅಲ್ಲ. ಉಪ್ಪು, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್ ಬೆರೆಸಿದ ನೀರು. ದಶಕಗಳಿಂದ ಜಗತ್ತೆಲ್ಲ ಬಳಸುತ್ತಿದೆ. ಆ ಬಾಟಲಿ ತಯಾರಿಸಿದ ಕಂಪನಿಯ ಕೆಲವು ಬ್ಯಾಚ್ ಸರಿಯಿಲ್ಲ ಅಂತ ರಾಜ್ಯದ ಲ್ಯಾಬ್ ಮೊದಲೇ ಹೇಳಿತ್ತು. ಬಳಕೆ ನಿಂತಿತ್ತು. ಕೇಂದ್ರದ ಲ್ಯಾಬ್ ಸರಿಯಿದೆ ಅಂದಿತು. ಬಾಟಲಿಗಳು ಮತ್ತೆ ವಾರ್ಡಿಗೆ ಬಂದವು.

1940ರ ಔಷಧ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ರಾಜ್ಯದ ವರದಿಯನ್ನು ಕಂಪನಿ ಪ್ರಶ್ನಿಸಬಹುದು. ಅದಕ್ಕೆ 28 ದಿನ ಟೈಮು. ಆಮೇಲೆ ಕೋರ್ಟ್ ಮೂಲಕ ಸ್ಯಾಂಪಲ್ ಕೋಲ್ಕತ್ತದ ಕೇಂದ್ರ ಲ್ಯಾಬಿಗೆ ಹೋದರೆ ಅಲ್ಲಿನ ಮಾತೇ ಕೊನೆಯ ಮಾತು. ಇರಲಿ, ಕಂಪನಿಗೂ ನ್ಯಾಯ ಬೇಕು. ಆದರೆ ಎರಡು ಲ್ಯಾಬ್ ಎರಡು ಮಾತು ಹೇಳಿದಾಗ, ಆ ಬಾಟಲಿ ಸುಮ್ನೆ ಗೋದಾಮಿನಲ್ಲೇ ಇರಲಿ ಅಂತ ಹೇಳಲು ಒಬ್ಬರೂ ಇರಲಿಲ್ವಾ? ಎಲ್ಲರ ಫೈಲೂ ಸರಿಯಿತ್ತು. ಲೈಸೆನ್ಸ್ ಇತ್ತು, ಟೆಂಡರ್ ಇತ್ತು, ಪಾಸಾದ ವರದಿ ಇತ್ತು. ಹೆರಿಗೆಗೆ ಹೋದ ಹೆಣ್ಣುಮಕ್ಕಳು ಮನೆಗೆ ಬರಲಿಲ್ಲ. ಸಾವಾದ ಮೇಲೆ ಅಮಾನತು, ತನಿಖೆ, ಪತ್ರ, ಉತ್ತರ. ಎರಡು ತಿಂಗಳೊಳಗೆ, 2025ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಮೇದಿನಿಪುರದಲ್ಲೂ ಒಬ್ಬ ಬಾಣಂತಿ ಸತ್ತರು. ಅಲ್ಲೂ ಅದೇ ಕಂಪನಿಯ ಸಲೈನ್ ಹೆಸರು ಬಂತು. ಬಳ್ಳಾರಿಯ ಸುದ್ದಿ ಅಲ್ಲಿಯವರೆಗೆ ಮುಟ್ಟಿರಲಿಲ್ಲವೋ, ಮುಟ್ಟಿಯೂ ಯಾರೂ ಓದಿರಲಿಲ್ಲವೋ. ಇದರಲ್ಲಿ ನಗುವುದಕ್ಕೆ ನನಗೇನೂ ಸಿಗುತ್ತಿಲ್ಲ.

ಸರಿ, ಉಪಯೋಗಕ್ಕೆ ಬರುವುದೊಂದು ಹೇಳಿಬಿಡುತ್ತೇನೆ. ಔಷಧದಿಂದ ತೊಂದರೆಯಾದರೆ ನೀವೂ ನಾವೂ ನೇರವಾಗಿ ದೂರು ಹೇಳಬಹುದು. ಅದಕ್ಕೆ ಉಚಿತ ಫೋನ್ ಇದೆ: 1800-180-3024. ಬರೆದಿಟ್ಟುಕೊಳ್ಳಿ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಸಂಜೆ 5.30ರವರೆಗೆ ಎತ್ತುತ್ತಾರೆ. ಮೈಮೇಲೆ ದದ್ದು ಏಳುವುದಿದ್ದರೆ ದಯವಿಟ್ಟು ಆಫೀಸ್ ಟೈಮಿನಲ್ಲೇ ಏಳಲಿ. ಭಾನುವಾರ ಬೇಡ. ಶನಿವಾರವನ್ನೂ, ಸರ್ಕಾರಿ ರಜೆಗಳನ್ನೂ ಒಮ್ಮೆ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ.