ಆರ್‌ಯುಎಫ್ ತೆಗೀರಿ ಮಾರಾಯ್ರೆ

ರಾಯಚೂರಿನ ಒಂದು ಡಯಾಗ್ನೋಸ್ಟಿಕ್ ಲ್ಯಾಬಿನ ಡಿಮಾರ್ಕ್ ದಾಖಲೆ (ನಮ್ಮ ಡೊಮೇನ್ ಹೆಸರಲ್ಲಿ ಕಳ್ಳ ಮೇಲ್ ಬಂದ್ರೆ ಏನ್ ಮಾಡ್ಬೇಕು, ವರದಿ ಯಾರಿಗೆ ಕಳಿಸ್ಬೇಕು ಅಂತ ಮೇಲ್ ಪಡೆಯೋ ಸರ್ವರ್‌ಗಳಿಗೆ ಹೇಳೋ ಸಾಲು) ಈಗಷ್ಟೇ ಕಣ್ಣಿಗೆ ಬಿತ್ತು. (ಅದು ಇರೋದು ಡಿಎನ್‌ಎಸ್‌ನಲ್ಲಿ, ಅಂದ್ರೆ ಡೊಮೇನಿನ ವಿವರಗಳ ಪಟ್ಟೀಲಿ; ಎಲ್ಲರಿಗೂ ಕಾಣೋದೇ, ಕದ್ದು ನೋಡಿದ್ದಲ್ಲ.) ಆರ್‌ಯುಎ (ಒಟ್ಟು ಲೆಕ್ಕದ ವರದಿ ಹೋಗೋ ವಿಳಾಸ) ಇದೆ, ಆರ್‌ಯುಎಫ್ (ಫೇಲಾದ ಒಂದೊಂದು ಮೇಲ್ ಬಗ್ಗೆ ವರದಿ ಹೋಗೋ ವಿಳಾಸ) ಇದೆ, ಎಫ್‌ಒ (ಆ ಎರಡನೇ ವರದಿ ಯಾವಾಗ ಬೇಕು ಅನ್ನೋ ಆಯ್ಕೆ) ಮುಂದೆ 1 ಇದೆ. ಎರಡೂ ವರದಿ ಹೋಗೋದು ವೆಬ್‌ಸೈಟ್ ಮಾಡಿಕೊಟ್ಟವರ ವಿಳಾಸಕ್ಕೆ! ರೋಗಿಗಳ ರಿಪೋರ್ಟ್ ಮೇಲ್ ಮಾಡೋ ಲ್ಯಾಬ್ ರೀ ಇದು. ಏನ್ ಹೇಳ್ಬೇಕು ಇದಕ್ಕೆ?

ಆರ್‌ಯುಎ ಅಂದ್ರೆ ಗಂಗಾವತಿ ರೈಸ್‌ಮಿಲ್ಲಿನ ತೂಕದ ಚೀಟಿ ಇದ್ದಂಗೆ. ಸಾಮಾನ್ಯವಾಗಿ ದಿನಕ್ಕೊಂದು ಎಕ್ಸ್‌ಎಂಎಲ್ ಫೈಲು: ಯಾವ ಐಪಿಯಿಂದ ಎಷ್ಟು ಮೇಲ್, ಎಸ್‌ಪಿಎಫ್ (ಯಾವ ಸರ್ವರ್ ನಿಮ್ಮ ಹೆಸರಲ್ಲಿ ಕಳಿಸಬಹುದು ಅನ್ನೋ ಪಟ್ಟಿ) ಪಾಸೋ ಫೇಲೋ, ಡಿಕಿಮ್ (ಮೇಲಿಗೆ ಹಾಕೋ ಡಿಜಿಟಲ್ ಸಹಿ) ಪಾಸೋ ಫೇಲೋ. ಬರೀ ಲೆಕ್ಕ. ಆರ್‌ಯುಎಫ್ ಚೀಲಾನೇ ಬಿಚ್ಚಿ ತೋರಿಸುತ್ತೆ. ಫೇಲಾದ ಒಂದೊಂದು ಮೇಲಿಗೆ ಒಂದೊಂದು ವರದಿ, ಅದರ ಮೂರನೇ ಭಾಗದಲ್ಲಿ ಮೂಲ ಮೇಲಿನ ಹೆಡರ್. ಯಾರಿಗೆ, ಏನು ವಿಷಯ, ಎಲ್ಲಾ ಅಲ್ಲೇ. ಕಳಿಸೋ ಸರ್ವರ್ ಮನಸ್ಸು ಮಾಡಿದ್ರೆ ಅಟ್ಯಾಚ್‌ಮೆಂಟ್ ಸಮೇತ ಇಡೀ ಪತ್ರ. ವಿಳಾಸ ಮರೆಮಾಚೋ ವಿಧಾನವನ್ನ ಆರ್‌ಎಫ್‌ಸಿ 6590 ಅನ್ನೋ ಇಂಟರ್ನೆಟ್ ತಾಂತ್ರಿಕ ದಾಖಲೆ 2012ರಲ್ಲೇ ಹೇಳಿದೆ, ಆದ್ರೆ ಮಾಡೋದು ಬಿಡೋದು ಕಳಿಸೋರ ಮರ್ಜಿ.

ಫೇಲ್ ಆಗೋದು ಕಳ್ಳ ಮೇಲ್ ತಾನೆ ಅಂತೀರಿ. ಅಲ್ಲ! ರೋಗಿ ತನ್ನ ಕಾಲೇಜಿನ ಐಡಿಗೆ ಬಂದಿದ್ದನ್ನ ಸ್ವಂತ ಐಡಿಗೆ ಫಾರ್ವರ್ಡ್ ಇಟ್ಕೊಂಡಿದ್ರೆ ಸಾಕು. ನಡುವಿನ ಸರ್ವರ್ ಲ್ಯಾಬಿನ ಎಸ್‌ಪಿಎಫ್‌ನಲ್ಲಿ ಇರಲ್ಲ, ಎಸ್‌ಪಿಎಫ್ ಸೋಲುತ್ತೆ. ಡಿಕಿಮ್ ಸಹಿ ಕೆಡದಿದ್ರೆ ಡಿಮಾರ್ಕ್ ಪಾಸೇ, ಪತ್ರ ಸರಿಯಾಗೇ ಮುಟ್ಟುತ್ತೆ. ಆದ್ರೆ ಎಫ್‌ಒ 1 ಅಂದ್ರೆ ಎರಡರಲ್ಲಿ ಒಂದು ಸೋತರೂ ವರದಿ ಕೊಡು ಅಂತ. ಏನೂ ಬರೀದೆ ಬಿಟ್ಟಿದ್ರೆ 0, ಎರಡೂ ಸೋತರೆ ಮಾತ್ರ. ಆ ಒಂದು ಅಂಕಿಯಿಂದ ರೋಗಿಯ ಖಾಸಗಿ ವಿಳಾಸ, 'ಥೈರಾಯ್ಡ್ ರಿಪೋರ್ಟ್' ಅನ್ನೋ ವಿಷಯದ ಸಾಲು, ಎರಡೂ ವೆಬ್‌ಸೈಟಿನವರ ಇನ್‌ಬಾಕ್ಸಿಗೆ.

'ಆರ್‌ಯುಎಫ್ ಇಲ್ಲದಿದ್ರೆ ತಪ್ಪು ಹಿಡಿಯೋದು ಹೆಂಗೆ?' ಅನ್ನೋ ವಾದ ಗೊತ್ತು. ಬಳ್ಳಾರಿಯ ಜೀನ್ಸ್ ಯೂನಿಟ್ಟಿನ ಬಿಲ್ಲಿಂಗ್ ಸಾಫ್ಟ್‌ವೇರ್ ಕಳಿಸೋ ಇನ್‌ವಾಯ್ಸ್ ಸ್ಪ್ಯಾಮಿಗೆ ಬೀಳ್ತಿದ್ರೆ, ಆರ್‌ಯುಎನಲ್ಲಿ ಅದರ ಐಪಿ, ಡಿಕಿಮ್ ಡೊಮೇನ್ ಎರಡೂ ಸಿಗುತ್ತೆ. ಇನ್ನೇನು ಬೇಕು? ಬಹಳ ಸಲ ಕಾರಣ ಎಸ್‌ಪಿಎಫ್‌ನಲ್ಲಿ ಇನ್‌ಕ್ಲೂಡ್ (ಬೇರೆಯವರ ಪಟ್ಟೀನೂ ಸೇರಿಸ್ಕೋ ಅನ್ನೋ ಪದ) ಮೇಲೆ ಇನ್‌ಕ್ಲೂಡ್ ತುರುಕಿದ್ದು. ಡಿಎನ್‌ಎಸ್ ಹುಡುಕಾಟ 10 ದಾಟಿದ್ರೆ ಪರ್ಮ್‌ಎರರ್, ಅಂದ್ರೆ ದಾಖಲೆಯೇ ತಪ್ಪು ಅನ್ನೋ ಉತ್ತರ, ಮುಗೀತು. ಅದನ್ನ ಕಂಡುಹಿಡಿಯೋಕೆ ಗಿರಾಕಿಯ ಪತ್ರ ಓದಬೇಕಾಗಿಲ್ಲ. ಮೇಲಾಗಿ ಜಿಮೇಲ್ ಆರ್‌ಯುಎಫ್ ಕಳಿಸೋದೇ ಇಲ್ಲ.

ಇನ್ನು ಕೆಲವು ಬುದ್ಧಿವಂತರು ವರದಿಗೆ ಸ್ವಂತ ಜಿಮೇಲ್ ವಿಳಾಸ ಕೊಟ್ಟು 'ಏನೂ ಬರ್ತಿಲ್ಲ' ಅಂತ ಗೋಳಾಡ್ತಾರೆ. ಬರಲ್ಲ! ಹೊರಗಿನ ಡೊಮೇನ್ ಆದ್ರೆ ಆ ಡೊಮೇನಿನವರು ತಮ್ಮ ಡಿಎನ್‌ಎಸ್‌ನಲ್ಲಿ ನಿಮ್ಮ ಹೆಸರಿಗೆ ಒಪ್ಪಿಗೆಯ ಟಿಎಕ್ಸ್‌ಟಿ ದಾಖಲೆ ಹಾಕಿರಬೇಕು.

ಮಾಡಬೇಕಾದ್ದು ಇಷ್ಟೇ. ಆರ್‌ಯುಎಫ್, ಎಫ್‌ಒ ಎರಡನ್ನೂ ಅಳಿಸಿ. ಆರ್‌ಯುಎಗೆ ನಿಮ್ಮದೇ ಡೊಮೇನಿನ ಬೇರೆ ಮೇಲ್‌ಬಾಕ್ಸ್ ಇಡಿ. ಪಿ (ಫೇಲಾದ ಮೇಲಿಗೆ ಏನ್ ಮಾಡ್ಬೇಕು ಅನ್ನೋ ನಿಯಮ) ಮುಂದೆ 'ನನ್' (none, ಏನೂ ಮಾಡ್ಬೇಡ) ಇಟ್ಟು ಮೂರ್ನಾಲ್ಕು ವಾರ ವರದಿ ಓದಿ, ಕಳಿಸೋ ಎಲ್ಲಾ ಸಾಫ್ಟ್‌ವೇರಿಗೂ ನಿಮ್ಮ ಡೊಮೇನಿನ ಡಿಕಿಮ್ ಹಾಕಿಸಿ, ಆಮೇಲೆ ಕ್ವಾರಂಟೈನ್ (ಸ್ಪ್ಯಾಮಿಗೆ ಹಾಕು), ಕೊನೆಗೆ ರಿಜೆಕ್ಟ್ (ತಗೊಳ್ಳಲೇಬೇಡ). ಮತ್ತೆ, ದಾಖಲೆ ತಿದ್ದಿದ ಮಾತ್ರಕ್ಕೆ ವೆಬ್‌ಸೈಟಿನವರ ಇನ್‌ಬಾಕ್ಸ್ ಖಾಲಿ ಆಗಲ್ಲ. ಅಲ್ಲಿ ಬಿದ್ದಿರೋ ಹಳೇ ವರದಿಗಳನ್ನ ಎದುರಿಗೆ ಕೂತು ಡಿಲೀಟ್ ಮಾಡಿಸಿ, ಟ್ರ್ಯಾಶೂ ಸೇರಿ.