ಮಂಡಿಗೆ ಚುಚ್ಚುವ ಮೊದಲು ನಾಲ್ಕು ಮಾತು ಹೇಳಿ ಸ್ವಾಮಿ

ಮಂಡಿ ನೋವಿಗೆ ಇಂಜೆಕ್ಷನ್ ಕೊಡುವುದಕ್ಕೆ ನನ್ನ ತಕರಾರಿಲ್ಲ. ಅದು ಏನು ಮಾಡುತ್ತೆ, ಏನು ಮಾಡಲ್ಲ ಅಂತ ಒಂದು ಮಾತೂ ಹೇಳದೆ ಚುಚ್ಚಿ ಕಳಿಸುತ್ತಾರಲ್ಲ, ಅದಕ್ಕೆ ಮೈಯೆಲ್ಲಾ ಉರಿಯುತ್ತೆ.

ನನ್ನ ಬಲಗಾಲಿನ ಮಂಡಿಯಲ್ಲಿ ಕಾರ್ಟಿಲೇಜ್, ಅಂದರೆ ಕೀಲಿನ ಮೂಳೆಗಳ ತುದಿಗೆ ಹೊದಿಕೆಯಾಗಿರುವ ನುಣುಪು ಪದರ, ಸವೆದಿದೆ. ಮೆಟ್ಟಿಲು ಹತ್ತುವುದು ಹೇಗೋ ಆಗುತ್ತೆ, ಇಳಿಯುವುದೇ ಕಷ್ಟ. ಕಂಬಿ ಹಿಡಿದು, ಮೈ ಓರೆ ಮಾಡಿ, ಒಂದೊಂದು ಮೆಟ್ಟಿಲ ಮೇಲೂ ಎರಡೂ ಕಾಲು ಊರಿಕೊಂಡು ಇಳಿಯಬೇಕು, ಹಿಂದೆ ಬರುವವರು ತಡ ಆಯ್ತು ಅಂತ ಉಸಿರು ಬಿಡುವುದು ಕಿವಿಗೆ ಬೀಳುತ್ತಲೇ ಇರುತ್ತೆ. ಹೀಗೆ ವರ್ಷಗಟ್ಟಲೆ ನರಳಿದವರು ಡಾಕ್ಟರ್ ಏನು ಹೇಳಿದರೂ ಹೂಂ ಅನ್ನುತ್ತಾರೆ. ಇದು ಅವರಿಗೂ ಚೆನ್ನಾಗಿ ಗೊತ್ತು.

ನಾನು ಮೊದಲು ಹೋದ ಡಾಕ್ಟರ್ ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದರು. ‘ಗ್ಯಾಪ್ ಕಮ್ಮಿ ಆಗಿದೆ, ಇಂಜೆಕ್ಷನ್ ಹಾಕೋಣ’ ಅಂದರು. ಯಾವ ಇಂಜೆಕ್ಷನ್ ಅಂತ ಕೇಳಿದರೆ ‘ನೋವಿಗೆ’ ಅಂದರು. ಅಷ್ಟೇ. ಮುಂದಿನವರ ಫೈಲು ಆಗಲೇ ಕೈಯಲ್ಲಿತ್ತು. ಅದು ಸ್ಟಿರಾಯ್ಡ್ ಅಂತ ನನಗೆ ಗೊತ್ತಾಗಿದ್ದು ಬಿಲ್ ನೋಡಿದ ಮೇಲೆ. ಸ್ಟಿರಾಯ್ಡ್ ಹಾಕಿದರೆ ಶುಗರ್ ಇರುವವರಿಗೆ ಕೆಲವು ದಿನ ಸಕ್ಕರೆ ಏರುತ್ತೆ. ನಿಮಗೆ ಶುಗರ್ ಇದೆಯಾ ಅಂತ ಕೇಳಬೇಕಿತ್ತು ಅಲ್ವಾ? ಅದನ್ನೂ ಕೇಳಲಿಲ್ಲ.

ನೋವು ಇಳಿಯಿತು, ಸುಳ್ಳು ಹೇಳಲ್ಲ. ಕೆಲವು ವಾರ ಹಾಯಾಗಿತ್ತು. ಆಮೇಲೆ ಅದೇ ನೋವು, ಅದೇ ಊತ. ಆ ಔಷಧಿಯ ಕೆಲಸವೇ ಅಷ್ಟು. ಒಳಗಿನ ಉರಿಯೂತ ಇಳಿಸುತ್ತೆ, ಸಾಮಾನ್ಯವಾಗಿ ಕೆಲವು ವಾರದ ಮಟ್ಟಿಗೆ. ಸವೆದಿದ್ದು ಸವೆದೇ ಇರುತ್ತೆ. ಮತ್ತೆ ಹೋದರೆ ‘ಇನ್ನೊಂದು ಹಾಕೋಣ ಬಿಡಿ’ ಅಂತ ಬಲು ಸಲೀಸಾಗಿ ಹೇಳಿದರು. 2017ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 140 ಜನರಲ್ಲಿ ಅರ್ಧ ಜನಕ್ಕೆ 3 ತಿಂಗಳಿಗೊಮ್ಮೆ ಸ್ಟಿರಾಯ್ಡ್, ಉಳಿದವರಿಗೆ ಬರೀ ಉಪ್ಪುನೀರಿನ ಸಲೈನ್, ಹೀಗೆ 2 ವರ್ಷ ಕೊಟ್ಟು ನೋಡಿದರು. ಸ್ಟಿರಾಯ್ಡ್ ತಗೊಂಡವರಲ್ಲಿ ಕಾರ್ಟಿಲೇಜ್ ಇನ್ನೂ ಜಾಸ್ತಿ ಸವೆದಿತ್ತು. ನೋವಿನಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ! ತೀರಾ ತಡೆಯಲಾರದಾಗ ಒಂದು ಸಲ ಹಾಕಿಸಿಕೊಳ್ಳುವುದು ಬೇರೆ, ಬಂದಾಗೆಲ್ಲ ಹಾಕುತ್ತಾ ಹೋಗುವುದು ಬೇರೆ. ಇದನ್ನು ನಾನು ಓದಿ ತಿಳಿಯಬೇಕಾ?

ಇನ್ನೊಂದು ಕಡೆ ಹೋದೆ. ಅಲ್ಲಿ ಜೆಲ್ ಇಂಜೆಕ್ಷನ್. ‘ಕೀಲಿಗೆ ಗ್ರೀಸ್ ಹಾಕಿದ ಹಾಗೆ’ ಅಂದರು. ಹಯಲುರಾನಿಕ್ ಆಸಿಡ್ ಅದು. ಅಮೆರಿಕದ ಮೂಳೆ ತಜ್ಞರ ಸಂಘ 2021ರಲ್ಲೇ ಇದನ್ನು ಎಲ್ಲರಿಗೂ ವಾಡಿಕೆಯಂತೆ ಕೊಡಬೇಡಿ ಅಂದಿದೆ, ಬ್ರಿಟನ್ನಿನ ಮಾರ್ಗಸೂಚಿ 2022ರಲ್ಲಿ ಕೊಡಲೇಬೇಡಿ ಅಂದಿದೆ. ಅದರ ಸುದ್ದಿಯನ್ನೇ ಅವರು ಎತ್ತಲಿಲ್ಲ.

ಎಲ್ಲಕ್ಕಿಂತ ಸಿಟ್ಟು ಬರಿಸಿದ್ದು ಪಿಆರ್‌ಪಿ. ನಮ್ಮದೇ ರಕ್ತ ತೆಗೆದು, ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಇರುವ ಭಾಗ ಮಂಡಿಗೆ ಹಾಕುತ್ತಾರೆ. ‘ಕಾರ್ಟಿಲೇಜ್ ಮತ್ತೆ ಬೆಳೆಯುತ್ತೆ’ ಅಂತ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ಕಾರ್ಟಿಲೇಜಿಗೆ ರಕ್ತನಾಳವೇ ಇಲ್ಲ, ಅದಕ್ಕೇ ಅದು ಸವೆದರೆ ತಾನಾಗಿ ತುಂಬಿಕೊಳ್ಳುವುದಿಲ್ಲ. 2021ರಲ್ಲಿ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಪಿಆರ್‌ಪಿಯನ್ನೂ ಸಲೈನನ್ನೂ ಹೋಲಿಸಿ ನೋಡಿದ ಫಲಿತಾಂಶ ಬಂತು. ಒಂದು ವರ್ಷದ ಮೇಲೆ ನೋವಿನಲ್ಲೂ ಗಣನೀಯ ವ್ಯತ್ಯಾಸವಿಲ್ಲ, ಕಾರ್ಟಿಲೇಜಿನಲ್ಲೂ ಇಲ್ಲ. ಕೆಲವು ಸಣ್ಣ ಅಧ್ಯಯನಗಳಲ್ಲಿ ನೋವು ಕಮ್ಮಿಯಾಗಿದ್ದೂ ಇದೆ, ಇರಲಿ. ‘ನೋವು ಇಳಿಯಬಹುದು, ಇಳಿಯದೆಯೂ ಇರಬಹುದು’ ಅನ್ನಿ, ಒಪ್ಪುತ್ತೇನೆ. ಬೆಳೆಯುತ್ತೆ ಅಂತ ಆಸೆ ಹುಟ್ಟಿಸಿ ದುಡ್ಡು ಕೀಳಬೇಡಿ.

ಇಷ್ಟೆಲ್ಲಾ ಆದರೂ ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಿ ಅಂತ ಒಬ್ಬರೂ ಹೇಳಲಿಲ್ಲ. ನಾನೇ ಫಿಸಿಯೋ ಹುಡುಕಿಕೊಂಡು ಹೋದೆ. ಟವೆಲ್ ಸುತ್ತಿ ಮಂಡಿ ಕೆಳಗಿಟ್ಟು, ಅದನ್ನು ಒತ್ತಿ ಹಿಡಿದು ಬಿಡುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಇಷ್ಟೇ ಶುರುವಿನಲ್ಲಿ. ತಿಂಗಳುಗಟ್ಟಲೆ ಬಿಡದೆ ಮಾಡಿದ ಮೇಲೆ ಈಗ ಸ್ವಲ್ಪ ದೂರ ನಡೆಯಲು ಆಗುತ್ತಿದೆ. ವ್ಯಾಯಾಮ, ತೂಕ ಜಾಸ್ತಿ ಇದ್ದರೆ ಇಳಿಸುವುದು, ಯಾವ ಮಾರ್ಗಸೂಚಿ ತೆರೆದರೂ ಮೊದಲು ಇರುವುದು ಇವೇ.

ಮೊದಲ ಡಾಕ್ಟರ ಹತ್ತಿರ ಹೋಗಿ, ಇದನ್ನು ಯಾಕೆ ಹೇಳಲಿಲ್ಲ ಅಂತ ಕೇಳಿಯೇಬಿಟ್ಟೆ. ‘ಹೇಳಿದರೂ ಯಾರೂ ಮಾಡಲ್ಲ’ ಅಂದರು. ನಾನು ಮಾಡ್ತೀನೋ ಇಲ್ಲವೋ ಅಂತ ನನ್ನನ್ನು ಒಂದು ಸಲ ಕೇಳಿದ್ರಾ?